ಹೆಗ್ಗಣದ ಬಿಲಕ್ಕೆ ಬಲಗೈ

ಹೋದ ವರ್ಷ ಇದೇ ಕಣದಲ್ಲಿ ಎರಡು ಮೂಟೆ ಕಡಲೆಕಾಯಿ ಕಡಿಮೆ ಬಿತ್ತೆಂದು ಹೊಲದ ಯಜಮಾನ ಉಗ್ರಪ್ಪ ಕಾವಲಿನ ಕದಿರಣ್ಣನನ್ನು ಹುಣಸೆಮರಕ್ಕೆ ಕಟ್ಟಿ, ಊರೆಲ್ಲ ನೋಡುತ್ತಿದ್ದಂತೆ ಚಪ್ಪಲಿಯಲ್ಲಿ ಹೊಡೆದಿದ್ದ. ಅಂದಿನಿಂದ ಕದಿರಣ್ಣ ತಲೆಗೆ ರುಮಾಲು ಸುತ್ತಿಲ್ಲ, ಕಲ್ಯಾಣದುರ್ಗದ ಸಂತೆಗೂ ಹೋಗಿಲ್ಲ. ಅವನ ಹೆಂಡತಿ ಬೀರಕ್ಕ ಆ ಏಟುಗಳನ್ನು ಎಣಿಸಿಟ್ಟುಕೊಂಡಿದ್ದಳು. ಹನ್ನೊಂದು.

ಈ ವರ್ಷ ಉಗ್ರಪ್ಪನ ಸ್ವಂತ ಭಾಮೈದನೇ ಕಾವಲಿದ್ದ. ಆದರೂ ರಾಶಿ ಕರಗುತ್ತಲೇ ಇತ್ತು. ಈಗ ಯಾರನ್ನು ಕಟ್ಟಬೇಕು, ಭಾಮೈದನನ್ನೇ? ಅದೆಲ್ಲಾದರೂ ಉಂಟೆ! ಹೆಗ್ಗಣದ ಕಾಟವೇ ಇರಬೇಕೆಂದು ಬೀರಕ್ಕನಿಗೆ ಹೇಳಿಕಳಿಸಿದ. ಹೆಗ್ಗಣದ ಬಿಲ ಅಗೆದು, ಅದು ಬಚ್ಚಿಟ್ಟ ಕಾಯಿ ತೆಗೆಯುವುದರಲ್ಲಿ ಅವಳದು ಎತ್ತಿದ ಕೈ.

ಬದುವಿನ ಪಕ್ಕ ಬಿಲದ ಬಾಯಿಗೆ ಹೊಸ ಮಣ್ಣು ಮುಚ್ಚಿತ್ತು. ಹೆಗ್ಗಣ ಒಳಗಿದ್ದಾಗಲೇ ಹಾಗೆ ಮುಚ್ಚಿಕೊಳ್ಳುವುದು. ತಪ್ಪಿಸಿಕೊಂಡು ಓಡಲು ಆಚೆ ಇನ್ನೊಂದು ಕಳ್ಳಬಾಗಿಲು ಇಟ್ಟಿರುತ್ತದೆ; ಬೀರಕ್ಕ ಅದನ್ನೂ ಹುಡುಕಿ ಗುಂಡುಕಲ್ಲು ಜಡಿದಳು. ಇನ್ನು ಗಡಿಗೆಯಲ್ಲಿ ಹುಲ್ಲು ಸುಟ್ಟು ಹೊಗೆ ಊದಬೇಕು, ಹೆಗ್ಗಣ ಸತ್ತ ಮೇಲೆ ಕೈ ಹಾಕಬೇಕು. ಗಡಿಗೆಯನ್ನು ಅವಳು ಬೇಕೆಂದೇ ಮನೆಯಲ್ಲಿ ಬಿಟ್ಟು ಬಂದಿದ್ದಳು. ಹೊಗೆಯ ಸಂಗತಿ ಉಗ್ರಪ್ಪನಿಗೆ ಗೊತ್ತಿದ್ದರೆ ತಾನೆ! ಜೀವಮಾನದಲ್ಲಿ ಗುದ್ದಲಿ ಹಿಡಿದವನಲ್ಲ.

ಮೊಣಕಾಲುದ್ದ ಅಗೆದು, "ಕಾಯಿ ಐತೆ ಉಗ್ರಪ್ಪಣ್ಣ. ನೀವೇ ತಗೀರಿ" ಎಂದಳು.

"ನಾನ್ಯಾಕೆ ಕಣಮ್ಮ? ನೀನೇ ತಗಿ."

"ನಾನು ತಗದ್ರೆ, ಬೀರಿನೇ ತಂದಿಕ್ಕಿದ್ಲು ಅಂತೀರಿ. ನಾವು ಕಳ್ಳರ ಮನೇವ್ರಲ್ವಾ?"

ಸುತ್ತ ನಿಂತವರು ಕಿಸಕ್ಕೆಂದರು. ಉಗ್ರಪ್ಪ ಮುಖ ಗಂಟಿಕ್ಕಿಕೊಂಡು ಕೂತು ಎಡಗೈ ನೀಡಿದ.

"ಬೆಳೆ ಮುಟ್ಟೋದು ಬಲಗೈಲಿ ಕಣಣ್ಣ."

ಚಪ್ಪಲಿ ಹಿಡಿದಿದ್ದ ಆ ಕೈ ಭುಜದವರೆಗೂ ಒಳಗೆ ಹೋಗುವುದನ್ನು ಬೀರಕ್ಕ ಕಣ್ತುಂಬ ನೋಡಿದಳು.

"ಅಮ್ಮೋ! ಚಚ್ಚಿತಿರಾ ದೇವುಡಾ!"

ಸತ್ತೆನೋ ದೇವರೇ ಎನ್ನಲೂ, ನೋವಾದರೆ ಉಗ್ರಪ್ಪನ ಬಾಯಲ್ಲಿ ತೆಲುಗೇ ಬರುವುದು. ಕೈ ಎಳೆದಾಗ ಬೆರಳು ಕಚ್ಚಿಕೊಂಡೇ ಹೆಗ್ಗಣವೂ ಹೊರಬಂತು. ಬೀರಕ್ಕ ಗುದ್ದಲಿಯ ಕಾವಿನಿಂದ ಅದಕ್ಕೊಂದು ಬಿಟ್ಟಳು. ಆಮೇಲೆ ರಾಶಿಯಡಿಗೆ ಹೋಗಿದ್ದ ಒಂದೊಂದು ಸುರಂಗವನ್ನೂ ಬಗೆದಳು. ಕಾಯಿ, ಬರೀ ಕಾಯಿ! ಹೋದ ವರ್ಷದ ಮುಗ್ಗಿದ ಕಾಯಿಯೂ ಅದರಲ್ಲಿತ್ತು.

ಸತ್ತ ಹೆಗ್ಗಣವನ್ನು ಬಾಲ ಹಿಡಿದು ಉಗ್ರಪ್ಪನ ಮುಖದ ಮುಂದೆ ತೂಗಾಡಿಸಿದಳು.

"ತಗಳ್ಳಿ, ಕಳ್ಳ ಸಿಕ್ಕವ್ನೆ. ಅದೇ ಮರಕ್ಕೆ ಕಟ್ಟಾಕಿ ಹೊಡೀರಿ. ಹನ್ನೊಂದು ಏಟು. ನಾನು ಎಣಿಸ್ತೀನಿ."

ಉಗ್ರಪ್ಪ ರಕ್ತ ಸೋರುವ ಕೈಯನ್ನು ಎದೆಗೆ ಅವುಚಿಕೊಂಡು ತಲೆ ತಗ್ಗಿಸಿದ. ಕದಿರಣ್ಣನನ್ನು ಕರೆತರಲು ಯಾರೋ ಓಡಿದರು.

"ಅವರನ್ನ ಕರೀಬ್ಯಾಡ್ರಿ!" ಬೀರಕ್ಕ ಗದರಿದಳು. ಕಣದಂಚಿನಲ್ಲಿ ಉಗ್ರಪ್ಪ ಬಿಟ್ಟಿದ್ದ ಚಪ್ಪಲಿಗಳತ್ತ ಕೈ ತೋರಿದಳು. "ಉಗ್ರಪ್ಪಣ್ಣನೇ ನಮ್ಮನೆ ಬಾಗಿಲಿಗೆ ಬತ್ತಾರೆ. ಅವು ಇಲ್ಲೇ ಇರ್ಲಿ."