ಗವಿಪುರದಿಂದ ಬರುತ್ತಿದ್ದ ಹಾಲು

ಪ್ರತಿಭಾ ಅವರ ಹಾಲಿನಲ್ಲಿ ಕೊಬ್ಬು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ ಎಂದು ಯಂತ್ರ ತೋರಿಸಿದಾಗ ನಾನು ಮೊದಲು ಅನುಮಾನಿಸಿದ್ದು ನನ್ನನ್ನೇ. ಹಾಲನ್ನು ಸರಿಯಾಗಿ ಬೆಚ್ಚಗೆ ಮಾಡಿದ್ದೆನೆ? ಚೆನ್ನಾಗಿ ಕಲಕಿದ್ದೆನೆ? ಬೇರೆ ತಾಯಿಯ ಬಾಟಲಿಯನ್ನು ಎತ್ತಿಕೊಂಡುಬಿಟ್ಟೆನೆ? ಯಂತ್ರವನ್ನು ತೊಳೆದು ಮತ್ತೆ ಅಳೆದೆ. ಅದೇ ಬಂತು. ಮರುದಿನದ ಹಾಲೂ ಹಾಗೇ ಇತ್ತು.

ಚಾಮರಾಜಪೇಟೆಯ ನಮ್ಮ ಆಸ್ಪತ್ರೆಯಲ್ಲಿ ತಿಂಗಳು ತುಂಬದೆ ಹುಟ್ಟಿದ ಮಕ್ಕಳಿಗೆಂದೇ ಒಂದು ವಾರ್ಡ್ ಇದೆ. ಅಲ್ಲಿ ಡಾಕ್ಟರ್ ಬದರೀನಾರಾಯಣ ಒಂದು ಸಂಶೋಧನೆ ನಡೆಸುತ್ತಿದ್ದಾರೆ. ಎಲ್ಲ ತಾಯಂದಿರ ಹಾಲೂ ಒಂದೇ ಥರ ಇರುವುದಿಲ್ಲ. ಪ್ರತಿಯೊಬ್ಬರ ಹಾಲನ್ನೂ ಅಳೆದು, ಆ ಮಗುವಿಗೆ ಏನು ಕಡಿಮೆ ಬೀಳುತ್ತದೋ ಅಷ್ಟನ್ನೇ ಸೇರಿಸಿ ಕೊಟ್ಟರೆ ಮಕ್ಕಳು ಚೆನ್ನಾಗಿ ಬೆಳೆಯುತ್ತಾರೆಯೇ ಎಂದು ನೋಡುವುದು ಅದರ ಉದ್ದೇಶ. ಅಳೆಯುವ ಕೆಲಸ ನನ್ನದು. ನಾನು ಹಗಲು ನಗರ್ತಪೇಟೆಯ ಅಂಗಡಿಯೊಂದರಲ್ಲಿ ಬಿಲ್ ಬರೆಯುತ್ತ, ಸಂಜೆ ಕಾಲೇಜಿನಲ್ಲಿ ಬಿಎಸ್ಸಿ ಮುಗಿಸಿದವಳು. ಹಗಲಲ್ಲಿ ಓದಿದವರಿಗೆಲ್ಲ ಹೇಳಿಕೊಟ್ಟ ಏನೋ ಒಂದು ಪಾಠ ನನಗೆ ಮಾತ್ರ ತಪ್ಪಿಹೋಗಿದೆ ಎಂಬ ಅಳುಕು ಇನ್ನೂ ಹೋಗಿಲ್ಲ.

ಪ್ರತಿಭಾ ಅವರ ಮಗಳಿಗೆ ಆಗಿನ್ನೂ ಹೆಸರಿಟ್ಟಿರಲಿಲ್ಲ. ಹುಟ್ಟಿದಾಗ ಒಂದು ಕಿಲೋ ಕೂಡ ಇರಲಿಲ್ಲ. ಉಸಿರಾಟ ಒಂದು ಹದಕ್ಕೆ ಬಂದ ಮೇಲೂ ತೂಕ ಮಾತ್ರ ಏರಲೊಲ್ಲದು. ಹಾಲಿಗೆ ಪೌಷ್ಟಿಕ ಪುಡಿ ಬೆರೆಸಿ ಕೊಟ್ಟಾಯಿತು. ಅದನ್ನು ಇನ್ನಷ್ಟು ಜಾಸ್ತಿ ಮಾಡಿದರೆ ಹೊಟ್ಟೆ ಉಬ್ಬುತ್ತಿತ್ತು. ಮಗು ಬೆಳೆಯಬೇಕಾದರೆ ತಾಯಿಯ ಹಾಲಿನಿಂದಲೇ ಬೆಳೆಯಬೇಕಿತ್ತು. ಪ್ರತಿಭಾಗೆ ಆಪರೇಷನ್ ಆಗಿತ್ತು. ಗವಿಪುರದ ತವರುಮನೆಯಲ್ಲಿ ಬಾಣಂತನ. ಮನೆಯಲ್ಲೇ ಪಂಪಿನಿಂದ ಹಾಲು ತೆಗೆದು ಫ್ರಿಜ್ಜಿನಲ್ಲಿಡುತ್ತಿದ್ದರು. ಅವರ ತಾಯಿ ಸರಸ್ವತಮ್ಮ ಬೆಳಿಗ್ಗೆ ಬೆಳಿಗ್ಗೆಯೇ ಬಾಟಲಿಗಳನ್ನು ಐಸ್ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ತೊಡೆಯ ಮೇಲೆ ಅಪ್ಪಿಕೊಂಡು ಆಟೋದಲ್ಲಿ ಬರುತ್ತಿದ್ದರು.

ಅಳತೆ ಎಷ್ಟು ಬಂತು ಎಂದು ಪ್ರತಿಭಾ ಅವರ ಗಂಡ ಅನಿಲ್ ಕುಮಾರ್ ಕೇಳಿದಾಗ ನನಗೆ ಮುಚ್ಚಿಡಲು ಆಗಲಿಲ್ಲ. ಅವತ್ತೇ ಸಂಜೆ ಪ್ರತಿಭಾ ಫೋನ್ ಮಾಡಿದರು.

"ನನ್ನ ಹಾಲಲ್ಲಿ ಏನೂ ಇಲ್ವಂತೆ ಮೇಡಂ. ಇಷ್ಟು ದಿನ ಬರೀ ನೀರು ಹಿಂಡಿ ಕಳಿಸ್ತಿದ್ನಾ? ನಾಳೆಯಿಂದ ನಿಲ್ಲಿಸ್ಬಿಡ್ತೀನಿ. ಬೇರೆ ಯಾರದಾದ್ರೂ ಹಾಲಿದ್ರೆ ಕೊಡಿ ಅವಳಿಗೆ."

ಹಾಗೆಲ್ಲ ನಿಲ್ಲಿಸಬೇಡಿ, ನನ್ನ ಅಳತೆಯಲ್ಲೇ ಏನೋ ತಪ್ಪಿರಬಹುದು ಎಂದೆ. ಹಾಗೆ ಹೇಳುವಾಗ ಅದು ನಿಜವಾಗಿರಲಿ ಎಂದೂ ಅನ್ನಿಸಿತು, ನಿಜವಾಗಿದ್ದರೆ ನನ್ನ ಗತಿಯೇನು ಎಂದೂ ಅನ್ನಿಸಿತು.

ಡಾಕ್ಟರ ಹತ್ತಿರ ಹೋಗಿ, ನನ್ನಿಂದ ಎಲ್ಲೋ ತಪ್ಪಾಗಿದೆ ಸಾರ್ ಎಂದೆ. ಅವರು ಉಳಿದ ತಾಯಂದಿರ ಅಳತೆಗಳನ್ನು ನೋಡಿದರು. ಎಲ್ಲ ಸರಿಯಾಗೇ ಇದ್ದವು.

"ಯಂತ್ರ ಸರಿಯಿದೆ, ನೀವೂ ಸರಿಯಿದೀರಿ ಕೋಕಿಲಾ," ಎಂದರು. "ಅವ್ರ ಮನೇಗೆ ಒಂದ್ಸಲ ಹೋಗ್ಬನ್ನಿ. ಹಾಲು ತೆಗ್ಯೋದ್ರಿಂದ ಹಿಡ್ದು ಡಬ್ಬಿಗೆ ಹಾಕೋವರೆಗೂ ಕೂತು ನೋಡಿ."

ಮರುದಿನ ಬೆಳಿಗ್ಗೆ ಗುಹೆಯ ದೇವಸ್ಥಾನದ ಹಿಂದಿನ ರಸ್ತೆಯಲ್ಲಿದ್ದ ಆ ಮನೆಗೆ ಹೋದೆ. ಪ್ರತಿಭಾ ಕಿವಿಗೆ ಬಟ್ಟೆ ಕಟ್ಟಿಕೊಂಡು, ಗೋಡೆಯ ಕಡೆ ತಿರುಗಿ ಮಲಗಿದ್ದರು. ಹಾಲು ತೆಗೆಯುವುದನ್ನು ಇನ್ನೂ ನಿಲ್ಲಿಸಿರಲಿಲ್ಲ; ರಾತ್ರಿಯದನ್ನೂ ತೆಗೆದಿಟ್ಟಿದ್ದರಂತೆ. ಆದರೆ ಇದೇ ಕೊನೆ ಎಂದು ತಾಯಿಗೆ ಹೇಳಿಬಿಟ್ಟಿದ್ದರು. ಸರಸ್ವತಮ್ಮ ನನ್ನನ್ನು ಕೂರಿಸಿ ಕಾಫಿ ಕೊಟ್ಟರು. ಅವರದು ಮಾಗಡಿ ಕಡೆಯ ಊರು. ಈ ಮನೆಗೆ ಬರುವ ತನಕ ಹಸು ಕಟ್ಟಿದವರು.

"ನಿಮ್ಮ ಮೆಷಿನ್ನು ಎಷ್ಟು ಮಕ್ಕಳನ್ನ ಹೆತ್ತಿದೆಯಮ್ಮ?" ಎಂದು ಕೇಳಿದರು. "ನನ್ನ ಮಗಳ ಹಾಲಲ್ಲಿ ಸತ್ವ ಇಲ್ಲ ಅನ್ನುತ್ತಲ್ಲ."

ನಾನು ನಗಲು ಪ್ರಯತ್ನಿಸಿದೆ. ಅವರು ನಗಲಿಲ್ಲ.

ಅಡುಗೆಮನೆಯಲ್ಲಿ ಎಲ್ಲವನ್ನೂ ತೋರಿಸಿದರು. ಬಾಟಲಿಗಳನ್ನು ಕುದಿಸಿ, ಬಿಳಿ ಬಟ್ಟೆಯ ಮೇಲೆ ಬೋರಲು ಹಾಕಿದ್ದರು. ಪಂಪಿನ ಬಿಡಿಭಾಗಗಳಿಗೆ ಬೇರೆ ಪಾತ್ರೆ. ಮೊಣಕೈವರೆಗೂ ಸೋಪು ಹಚ್ಚಿ ಕೈ ತೊಳೆದುಕೊಂಡರು. ನಮ್ಮ ಲ್ಯಾಬಿನಲ್ಲೂ ಅಷ್ಟು ಅಚ್ಚುಕಟ್ಟಿಲ್ಲ. ಹೇಳಲು ನನಗೆ ಒಂದು ತಪ್ಪೂ ಸಿಗಲಿಲ್ಲ. ಡಾಕ್ಟರಿಗೆ ಏನೆಂದು ಹೇಳಲಿ ಎಂದು ಚಿಂತೆ ಹತ್ತಿತು.

"ಇದೊಂದು ಮುಗಿಸಿದ್ರೆ ಆಯ್ತು, ಹೊರಡಾಣ," ಎಂದು ಅವರು ಫ್ರಿಜ್ಜಿನಿಂದ ರಾತ್ರಿಯ ಬಾಟಲಿಗಳನ್ನು ತೆಗೆದು ಸಾಲಾಗಿ ಇಟ್ಟರು. ಕುದಿಸಿಟ್ಟಿದ್ದ ಪುಟ್ಟ ಚಮಚವೊಂದನ್ನು ಬಾಟಲಿಯ ಬಾಯೊಳಗೆ ಇಳಿಸಿ, ಮಣಿಕಟ್ಟನ್ನು ಮೆಲ್ಲಗೆ ತಿರುಗಿಸಿದರು. ಹಾಲಿನ ಮೇಲೆ ನಿಂತಿದ್ದ ಹಳದಿ ಪದರ ಚಮಚಕ್ಕೆ ಬಂತು. ಅದನ್ನು ಒಂದು ಬಟ್ಟಲಿಗೆ ಹಾಕಿ, ಮತ್ತೆ ಇಳಿಸಿದರು. ಕೆಳಗಿನ ಹಾಲು ಒಂದಿಷ್ಟೂ ಕದಡಲಿಲ್ಲ.

ಇದೇನು ಮಾಡುತ್ತಿದ್ದೀರಿ ಎಂದು ಕೇಳಿದೆ.

"ಕೆನೆ ಕಣಮ್ಮ. ಅಂಗೈಯಷ್ಟಿದೆ ಮಗು. ಅದರ ಹೊಟ್ಟೇಗೆ ಇದು ಅರಗುತ್ತಾ?"

ಪ್ರತಿಭಾ ಹುಟ್ಟಿದಾಗ ಸರಸ್ವತಮ್ಮನಿಗೆ ಹಾಲು ಬತ್ತಿಹೋಗಿತ್ತಂತೆ. ಹಸುವಿನ ಹಾಲನ್ನು ಕಾಯಿಸಿ, ಆರಿಸಿ, ಕೆನೆ ಪೂರಾ ತೆಗೆದು ಕುಡಿಸಿ ಬೆಳೆಸಿದರಂತೆ. ಒಮ್ಮೆ ಯಾರೋ ತಿಳಿಯದೆ ಕೆನೆ ಸಮೇತ ಕುಡಿಸಿದ್ದಕ್ಕೆ ಕೂಸಿಗೆ ವಾಂತಿ ಭೇದಿ ಶುರುವಾಗಿ, ಉಳಿದದ್ದೇ ಹೆಚ್ಚು. ಅದೇ ಭಯ. ತೆಗೆದ ಕೆನೆಯನ್ನು ಸಿಂಕಿಗೆ ಸುರಿಯಲು ಮಾತ್ರ ಮನಸ್ಸು ಬರುತ್ತಿರಲಿಲ್ಲ. ಎದೆಹಾಲು ಯಾರ ಕಾಲಿಗೂ ಸಿಗಬಾರದು ಎಂದು ಹಿತ್ತಲಿನ ದಾಸವಾಳದ ಬುಡಕ್ಕೆ ಹಾಕುತ್ತಿದ್ದರು.

ನನ್ನ ಅಳತೆ ಸರಿಯಾಗಿಯೇ ಇತ್ತು. ಮೊದಲು ನನಗೆ ಬಂದದ್ದು ಆ ಸಮಾಧಾನ. ಮರುಕ್ಷಣವೇ ನಾಚಿಕೆಯಾಯಿತು. ಡಾಕ್ಟರಿಗೆ ತಿಳಿಸಿ ಅವರಿಂದಲೇ ಹೇಳಿಸಿಬಿಡೋಣ ಎಂದುಕೊಂಡೆ. ಆದರೆ ಬಾಟಲಿಗಳು ಮುಂದೆಯೇ ಇದ್ದವು, ಅವರು ಎರಡನೆಯದರ ಮುಚ್ಚಳ ತೆಗೆಯುತ್ತಿದ್ದರು.

"ಅಮ್ಮ, ತೆಗೀಬೇಡಿ," ಎಂದೆ. "ಮಗು ಬೆಳೆಯೋದೇ ಅದ್ರಿಂದ."

ಚಮಚ ಹಿಡಿದ ಕೈ ಹಾಗೇ ನಿಂತಿತು. ನಾನು ಗಡಿಬಿಡಿಯಲ್ಲಿ ಏನೇನೋ ಹೇಳಿದೆ. ಹಸುವಿನ ಕೆನೆ ಬೇರೆ, ತಾಯಿಯ ಹಾಲಿನ ಕೆನೆ ಬೇರೆ; ಇದು ಎಷ್ಟು ಸಣ್ಣ ಹೊಟ್ಟೆಗೂ ಹಿಡಿಸುತ್ತದೆ, ಮಗುವಿನ ಮೈ ತುಂಬುವುದೂ ಮಿದುಳು ಬೆಳೆಯುವುದೂ ಇದರಿಂದಲೇ ಎಂದೆ. ಕೈ ತೊಳೆಯಿರಿ, ಐಸ್ ಹಾಕಿ ಎಂದೆಲ್ಲ ಹೇಳಿಕೊಟ್ಟ ನಾವು ಇದೊಂದನ್ನು ಯಾರಿಗೂ ಹೇಳಿಯೇ ಇಲ್ಲ, ತಪ್ಪು ನಮ್ಮದು ಎಂದೆ. ಅದು ಸಮಾಧಾನದ ಮಾತಾಗಿರಲಿಲ್ಲ. ನಿಜವಾಗಿಯೂ ನಾವು ಹೇಳಿರಲಿಲ್ಲ.

"ಅಂದ್ರೆ ನಾನೇ..." ಎಂದು ಸರಸ್ವತಮ್ಮ ನಿಲ್ಲಿಸಿದರು.

ಪ್ರತಿಭಾ ಹೊಟ್ಟೆಯ ಮೇಲೆ ಕೈ ಒತ್ತಿಕೊಂಡು ಬಾಗಿಲಲ್ಲಿ ಬಂದು ನಿಂತಿದ್ದರು. ಎಷ್ಟು ಹೊತ್ತಾಗಿತ್ತೋ. ಏನಾಯಿತು ಎಂದು ಕೇಳಿದಾಗ ತಾಯಿಯೇ ಎಲ್ಲವನ್ನೂ ಹೇಳಿದರು, ಏನನ್ನೂ ಕಡಿಮೆ ಮಾಡದೆ.

ಜಗಳವಾಗುತ್ತದೆ ಎಂದು ನಾನು ಬ್ಯಾಗನ್ನು ಎದೆಗೆ ಒತ್ತಿಕೊಂಡು ನಿಂತೆ. ಪ್ರತಿಭಾ ಬಟ್ಟಲಿನ ಹತ್ತಿರ ಬಂದು ಬಗ್ಗಿ ನೋಡಿದರು. ಒಂದು ಬೆರಳು ಅದ್ದಿ, ಹೆಬ್ಬೆರಳಿನಿಂದ ಉಜ್ಜಿದರು. ಬೆರಳು ಜಿಡ್ಡಾಯಿತು.

"ಇದು ನಂದೇನಾ ಮೇಡಂ?"

"ನಿಮ್ದೇ."

"ಇಷ್ಟಿತ್ತಾ," ಎಂದು ಅವರು ಅಲ್ಲೇ ಕಟ್ಟೆಗೆ ಒರಗಿ ಅತ್ತರು. ಅಳುತ್ತಲೇ ತಾಯಿಯ ಕಡೆ ನೋಡಿ, "ಒಂದು ಮಾತು ಕೇಳಬಾರ್ದಿತ್ತೇನಮ್ಮ?" ಎಂದರು. ಮೂಗು ಒರೆಸಿಕೊಂಡು, ಪಂಪ್ ಎಲ್ಲಿದೆ ಎಂದು ಕೇಳಿದರು.

ಅಂದಿನಿಂದ ಬಂದ ಹಾಲಿನಲ್ಲಿ ಕೊಬ್ಬು ಇರಬೇಕಾದಷ್ಟು ಇತ್ತು. ತೂಕ ತಕ್ಷಣ ಏರಲಿಲ್ಲ. ಎಲ್ಲರನ್ನೂ ನೋಯಿಸಿ, ಕೊನೆಗೆ ಕಾರಣ ಇದಲ್ಲ ಎಂದಾಗಿಬಿಟ್ಟರೆ ಎಂದು ನಾನು ಹೆದರಿದೆ. ಕೆಲವು ದಿನಗಳ ಮೇಲೆ ತಕ್ಕಡಿ ಸ್ವಲ್ಪ ಕದಲಿತು. ಆಮೇಲೆ ದಿನವೂ ಕದಲಿತು.

ಆದರೆ ಸರಸ್ವತಮ್ಮ ಬರುವುದನ್ನು ನಿಲ್ಲಿಸಿದ್ದರು. ಅನಿಲ್ ಕುಮಾರ್ ಆಫೀಸಿಗೆ ಹೋಗುವ ಮುಂಚೆ ಡಬ್ಬಿ ತಂದುಕೊಡುತ್ತಿದ್ದರು. ಬಾಟಲಿಗೆ ಹಾಲು ತುಂಬುವಾಗ ಅತ್ತೆ ಅಡುಗೆಮನೆಗೇ ಬರುವುದಿಲ್ಲ, ನನ್ನ ಕೈ ಬೇಡ ಅನ್ನುತ್ತಾರೆ ಎಂದು ಅವರು ಹೇಳಿದರು.

ಅದೇ ವಾರ, ಮಗುವನ್ನು ಬರಿಮೈಯಲ್ಲಿ ಎದೆಗೆ ಹಾಕಿಕೊಂಡು ಕೂರಬಹುದು ಎಂದು ಡಾಕ್ಟರು ಒಪ್ಪಿದರು. ಅಷ್ಟರಲ್ಲಿ ಪ್ರತಿಭಾಗೆ ನೆಗಡಿ ಜ್ವರ ಬಂತು. ಮಗುವಿನ ಹತ್ತಿರ ಬಿಡುವ ಹಾಗಿರಲಿಲ್ಲ. ಅನಿಲ್ ಕುಮಾರ್ ಬೆಳಿಗ್ಗೆ ಸ್ವಲ್ಪ ಹೊತ್ತು ಕೂರುತ್ತಿದ್ದರು. ಉಳಿದ ಹಗಲಿಗೆ ಅಜ್ಜಿಯನ್ನು ಕರೆಯಿರಿ ಎಂದರು ಡಾಕ್ಟರು. ಫೋನ್ ಮಾಡುವ ಕೆಲಸ ನನಗೇ ಬಂತು.

"ಬೇಡಮ್ಮ," ಎಂದರು ಸರಸ್ವತಮ್ಮ. "ನಾನು ಅದರ ಹೊಟ್ಟೆ ಹೊಡೆದಿರೋದು ಸಾಕು."

ನನಗೆ ಗೊತ್ತಿದ್ದದ್ದನ್ನು ಹೇಳಿದೆ. ಇಷ್ಟು ಸಣ್ಣ ಮಗು ಚಳಿಯಾದರೆ ಕುಡಿದ ಹಾಲನ್ನೆಲ್ಲ ಮೈ ಬಿಸಿಮಾಡಿಕೊಳ್ಳುವುದಕ್ಕೇ ಸುಟ್ಟುಕೊಳ್ಳುತ್ತದೆ. ಯಾರದಾದರೂ ಎದೆಯ ಮೇಲಿದ್ದರೆ ಆ ಬಿಸಿ ಸಿಗುತ್ತದೆ, ಹಾಲು ಬೆಳೆಯುವುದಕ್ಕೆ ಉಳಿಯುತ್ತದೆ.

"ಹಂಗಾದ್ರೆ ನನ್ನ ಮೈಬಿಸೀನೂ ಊಟದ ಲೆಕ್ಕಕ್ಕೇ ಬರುತ್ತಾ?"

"ಬರುತ್ತಮ್ಮ."

ಫೋನಿಟ್ಟ ಮೇಲೆ, ಜಾಸ್ತಿ ಹೇಳಿಬಿಟ್ಟೆನೇನೋ ಎಂದು ಡಾಕ್ಟರನ್ನೂ ಕೇಳಿದೆ. ಸರಿಯಾಗೇ ಹೇಳಿದ್ದೀರಿ ಎಂದರು.

ಮಧ್ಯಾಹ್ನ ಸರಸ್ವತಮ್ಮ ಬಂದರು. ಸ್ನಾನ ಮಾಡಿದ ಕೂದಲು ಇನ್ನೂ ಒದ್ದೆ ಇತ್ತು. ನೀವು ಒದ್ದೆ ತಲೆಯಲ್ಲಿ ಬಂದರೆ ಮಗುವಿಗೆ ಶೀತ ಅಲ್ಲವೇ ಎಂದು ನರ್ಸ್ ಬೈದು, ತಾನೇ ಟವೆಲಿನಿಂದ ಒರೆಸಿದಳು. ಬಳೆ, ಸರ ಎಲ್ಲ ತೆಗೆಸಿ ಗೌನ್ ಕೊಟ್ಟಳು. ಒರಗುಕುರ್ಚಿಯಲ್ಲಿ ಕೂತ ಸರಸ್ವತಮ್ಮನ ಎದೆಯ ಮೇಲೆ ಮಗುವನ್ನು ಕಪ್ಪೆಯ ಹಾಗೆ ಮಲಗಿಸಿ, ಮೇಲೆ ಬಟ್ಟೆ ಸುತ್ತಿದಳು. ಅವರ ಕೈಗಳೆರಡೂ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದಿದ್ದವು. ಮುಟ್ಟಲೇ ಇಲ್ಲ.

ಹಾಲಿನ ಹೊತ್ತಾಯಿತು. ನರ್ಸ್ ಸಿರಿಂಜನ್ನು ಮಗುವಿನ ಬಾಯಿಂದ ಹೊಟ್ಟೆಗೆ ಇಳಿಸಿದ್ದ ನಳಿಕೆಗೆ ಜೋಡಿಸಿ ಮೆಲ್ಲಗೆ ಎತ್ತಿ ಹಿಡಿದಳು. ಹಾಲು ಕೂದಲೆಳೆಯಷ್ಟು ಸಣ್ಣಗೆ ಇಳಿಯತೊಡಗಿತು. ಸರಸ್ವತಮ್ಮ ಕತ್ತು ಅಲ್ಲಾಡಿಸದೆ, ಕಣ್ಣನ್ನು ಮಾತ್ರ ಓರೆ ಮಾಡಿ ನೋಡುತ್ತಿದ್ದರು. ಕೊನೆಗೆ ಸಿರಿಂಜಿನ ಗೋಡೆಗೆ ಹಳದಿ ಅಂಟು ಉಳಿಯಿತು.

"ಅದೂ ಹೋಗ್ಬೇಕು," ಎಂದರು ಸರಸ್ವತಮ್ಮ, ತುಂಬ ಮೆಲ್ಲಗೆ. "ಅದನ್ನ ಬಿಡಬೇಡಿ."

ನರ್ಸ್ ತಾಯಿಯ ಹಾಲನ್ನೇ ಒಂದೆರಡು ಹನಿ ಸಿರಿಂಜಿಗೆ ಹಾಕಿ, ಕದಲಿಸಿ, ಅದನ್ನೂ ಇಳಿಸಿದಳು.

ಎಲ್ಲ ಮುಗಿದ ಮೇಲೆ ಮಗು ಒಮ್ಮೆ ಮುಖ ಕಿವುಚಿತು. ಅಜ್ಜಿ ಥಟ್ಟನೆ ನರ್ಸ್ ಕಡೆ ನೋಡಿದರು. ವಾಂತಿಯೇನೂ ಆಗಲಿಲ್ಲ. ಮಗು ಆಕಳಿಸಿ, ಕೆನ್ನೆಯನ್ನು ಇನ್ನೊಂದಿಷ್ಟು ಒತ್ತಿಕೊಂಡು ಮಲಗಿತು. ಆಗ ಸರಸ್ವತಮ್ಮನ ಬಲಗೈ ಕುರ್ಚಿಯನ್ನು ಬಿಟ್ಟು ಮೇಲೆ ಬಂತು, ಮಗುವಿನ ಬೆನ್ನಿನ ಮೇಲೆ ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತು, ಇಳಿಯಿತು. ಇಡೀ ಬೆನ್ನು ಆ ಕೈಯೊಳಗೆ ಮುಚ್ಚಿಹೋಯಿತು.

ಒಂದು ಗಂಟೆ ಕೂತರೆ ಸಾಕು, ಸುಸ್ತಾಗುತ್ತೆ ಎಂದು ನರ್ಸ್ ಹೇಳಿದಳು.

"ನನಗೇನು ಸುಸ್ತು," ಎಂದರು ಅವರು, ಕಣ್ಣು ಮುಚ್ಚಿಕೊಂಡೇ. "ಅದು ನನ್ನ ಮೈಬಿಸಿ ತಿನ್ತಾ ಇದೆ, ತಿನ್ಲಿ."