ಎಡಗೈ ಹೊಲಿಗೆ

"ಅಕ್ಕಾ, ಒಬ್ಬರು ಹೊಲಿದದ್ದನ್ನ ಬಿಚ್ಚಿ ಮತ್ತೆ ಹೊಲಿದುಕೊಡ್ತೀರಾ? ಆದರೆ ಹೊಲಿದವರಿಗೆ ಗೊತ್ತಾಗಬಾರದು."

ನರ್ಸು ಮೊದಲ ಸಲ ನನ್ನ ಅಂಗಡಿಗೆ ಬಂದಾಗ ಕೇಳಿದ್ದು ಹೀಗೆ. ಮೂವತ್ತು ವರ್ಷದಿಂದ ಮಿಷನ್ ತುಳಿಯುತ್ತಿದ್ದೇನೆ. ಗಂಡನಿಗೆ ಗೊತ್ತಾಗಬಾರದು ಅಂದವರಿದ್ದಾರೆ, ನಾದಿನಿಗೆ ಗೊತ್ತಾಗಬಾರದು ಅಂದವರಿದ್ದಾರೆ. ಹೊಲಿದವರಿಗೇ ಗೊತ್ತಾಗಬಾರದು ಅಂದದ್ದು ಇವಳೊಬ್ಬಳೇ.

ತಗಡಿನ ಪೆಟ್ಟಿಗೆ ತೆಗೆದು ಟೇಬಲ್ಲಿನ ಮೇಲೆ ಬಟ್ಟೆ ಹರಡಿದಳು. ಎರಡು ಪುಟ್ಟ ಫ್ರಾಕು, ಮೂರು ಅಂಗಿ, ಒಂದು ಕುಲಾವಿ, ಜೇಬಿರುವ ಒಂದು ಉಣ್ಣೆ ಕೋಟು. ಎಲ್ಲ ಕೈಹೊಲಿಗೆ. ಹೊಲಿದವರು ಅವಳ ಅಪ್ಪನ ಅಕ್ಕ, ಮನೆಮಂದಿಗೆಲ್ಲ ದೊಡ್ಡತ್ತೆ. ಮದುವೆಯಾಗಿಲ್ಲ. ತಮ್ಮನಿಗೆ ಮೊದಲ ಮಗು, ಅಂದರೆ ಈ ನರ್ಸು, ಹುಟ್ಟಿದಾಗ ಹೊಲಿದದ್ದು. ಆಮೇಲೆ ಹನ್ನೊಂದು ಮಕ್ಕಳು ಅವನ್ನೇ ಹಾಕಿಕೊಂಡು ಬೆಳೆದಿದ್ದವು. ಒಂದು ಮಗುವಿಗೆ ಚಿಕ್ಕದಾದ ಕೂಡಲೇ ಪೆಟ್ಟಿಗೆ ದೊಡ್ಡತ್ತೆ ಮನೆಗೆ ಹೋಗಬೇಕು. ಅವರು ಹರಿದದ್ದು ಹೊಲಿದು, ಬಿದ್ದ ಗುಂಡಿ ಹಾಕಿ ಕೊಟ್ಟ ಮೇಲೆ ಮುಂದಿನ ಮಗುವಿಗೆ. ಪೆಟ್ಟಿಗೆ ಹೊತ್ತು ತಿರುಗುವ ಕೆಲಸ ನರ್ಸಿನದು.

"ಈಗ ಅವರ ಕಣ್ಣು ಮಂಜು ಅಕ್ಕಾ. ಆಪರೇಷನ್ ಮಾಡಿಸಿದರೂ ಅಷ್ಟಕ್ಕಷ್ಟೆ. ಹೋದ ಸಲ ತೋಳಿನ ಬಾಯನ್ನೇ ಹೊಲಿದು ಮುಚ್ಚಿಬಿಟ್ಟಿದ್ದರು. ಮಗುವಿನ ಕೈ ಒಳಗೇ ಸಿಕ್ಕಿಹಾಕಿಕೊಂಡು ಅತ್ತು ಮನೆಯೆಲ್ಲ ಒಂದು ಮಾಡ್ತು."

"ಸಾಕು ಬಿಡಿ ಅತ್ತೆ, ಇನ್ನು ಆರಾಮಾಗಿರಿ ಅಂತ ಹೇಳೋದಲ್ವಾ?"

"ಹೇಳಬಹುದು. ಆದರೆ ಪೆಟ್ಟಿಗೆ ಕೊಡೋದು, ತರೋದು ಇಲ್ಲದಿದ್ದರೆ ಅವರ ಮೆಟ್ಟಿಲು ಹತ್ತೋರು ಯಾರೂ ಇಲ್ಲ. ನಾನೂ ಹತ್ತಲ್ಲ ಅಕ್ಕಾ. ಸುಳ್ಳು ಯಾಕೆ ಹೇಳಲಿ?"

ಆ ಮಾತಿಗೆ ನಾನು ಒಪ್ಪಿಕೊಂಡೆ. ಅವಳು ಒಳ್ಳೆಯವಳಾಗಿ ಕಾಣಲು ಹೊರಟಿದ್ದರೆ ಒಪ್ಪುತ್ತಿರಲಿಲ್ಲವೇನೋ.

ಕೆಲಸ ಅಂದುಕೊಂಡಷ್ಟು ಸಲೀಸಾಗಿರಲಿಲ್ಲ. ದೊಡ್ಡತ್ತೆ ಎಡಚರು. ಅಂಚು ಮಡಿಚಿ ಹೊಲಿದ ಕಡೆಯೆಲ್ಲ ನನ್ನ ಹೊಲಿಗೆ ಒಂದು ಕಡೆ ವಾಲಿದರೆ ಅವರದು ಇನ್ನೊಂದು ಕಡೆ. ಬಟ್ಟೆಯನ್ನು ತಲೆಕೆಳಗು ಹಿಡಿದು, ಹಿಂದಿನಿಂದ ಮುಂದಕ್ಕೆ ಹೊಲಿದು, ಬಿಚ್ಚಿ, ಮತ್ತೆ ಹೊಲಿದು ಅಭ್ಯಾಸ ಮಾಡಿಕೊಂಡೆ. ಈಗಿನ ಸೊಟ್ಟ ಹೊಲಿಗೆ ನೋಡಿ ಕಲಿಯುವುದೇನು? ಅವರ ಕಣ್ಣು ಚೆನ್ನಾಗಿದ್ದಾಗಿನ ಹಳೆಯ ಅಂಚುಗಳು ಆ ಫ್ರಾಕಿನಲ್ಲಿ ಇನ್ನೂ ಹಾಗೇ ಇದ್ದವು, ಇರುವೆ ಸಾಲಿನ ಹಾಗೆ. ಅವನ್ನೇ ನೋಡಿ ಕಲಿತೆ. ಮುಗಿಸಿದ ಮೇಲೆ ಯಾವುದು ಅವರದು, ಯಾವುದು ನನ್ನದು ಅಂತ ನನಗೇ ಗುರುತು ಹತ್ತುತ್ತಿರಲಿಲ್ಲ. ಸ್ವಲ್ಪ ಜಂಬವೂ ಬಂದಿತ್ತು.

ಹೀಗೆ ನಾಲ್ಕು ವರ್ಷ, ಮೂರು ಮಕ್ಕಳು.

ಒಂದು ಮಧ್ಯಾಹ್ನ ಮಿಷನ್ನಿಗೆ ಎಣ್ಣೆ ಬಿಡುತ್ತಿದ್ದೆ. ಬಾಗಿಲಲ್ಲಿ ಒಬ್ಬರು ವಯಸ್ಸಾದ ಹೆಂಗಸು. ಕೋಲು ಎಡಗೈಯಲ್ಲಿ. ಬಲಗೈಯಿಂದ ಬಾಗಿಲ ಚೌಕಟ್ಟು ಸವರಿ ನೋಡಿ ಒಳಗೆ ಕಾಲಿಟ್ಟರು.

"ಟೈಲರಮ್ಮ ನೀನೇನಾ?"

"ಹೌದಮ್ಮಾ, ಕೂತ್ಕೊಳ್ಳಿ. ಪಕ್ಕದಲ್ಲೇ ಸ್ಟೂಲಿದೆ."

ಕೂತು, ಚೀಲದಿಂದ ಆ ಉಣ್ಣೆ ಕೋಟು ತೆಗೆದರು. "ಇದರ ಜೇಬಲ್ಲಿ ಒಂದು ಚೀಟಿ ಇತ್ತು. ಕೆಳಗಿನ ಮನೆಯವರ ಹತ್ತಿರ ಓದಿಸಿದೆ. ನಿನ್ನ ಅಂಗಡಿ ಹೆಸರು, ವಿಳಾಸ."

ಬಂದ ಬಟ್ಟೆಗೆಲ್ಲ ಚೀಟಿ ಹಾಕುವುದು ನನ್ನ ಪದ್ಧತಿ, ಕೊಡುವಾಗ ತೆಗೆಯುವುದೂ ಪದ್ಧತಿ. ಆ ಒಂದು ಸಲ ಮರೆತಿದ್ದೆ. ಅದು ಮಗುವಿನ ಜೊತೆ ಒಂದು ವರ್ಷ ಊರೆಲ್ಲ ಸುತ್ತಿ ಬಂದಿತ್ತು.

"ಗುಂಡಿ ಹಾಕೋಕೆ ಕೊಟ್ಟಿದ್ದರೇನೋ ಅಮ್ಮಾ."

"ಗುಂಡಿ ಹಾಕಿದ್ದು ನಾನು. ಅದೊಂದನ್ನ ನೀವು ಬಿಚ್ಚಿಲ್ಲ. ಚೀಟಿ ಇಲ್ಲದಿದ್ದರೂ ನನಗೆ ಗೊತ್ತಾಗ್ತಿತ್ತು ಬಿಡು."

"ಹೇಗಮ್ಮಾ? ಎಡಗೈ ಹೊಲಿಗೇನೇ ಹಾಕಿದ್ದೆ." ಬಾಯಿಂದ ಜಾರಿಯೇ ಹೋಯಿತು.

ಅವರು ನಕ್ಕುಬಿಟ್ಟರು. "ಹಾಕಿದ್ದೀಯ, ಅದರಲ್ಲೇನೂ ಕಮ್ಮಿ ಮಾಡಿಲ್ಲ. ಆದರೆ ನಾನು ಇಷ್ಟು ಚೆನ್ನಾಗಿ ಹೊಲಿದು ಹತ್ತು ವರ್ಷ ಆಯ್ತು ಕಣಮ್ಮಾ. ಈಗ ನನ್ನ ಹೊಲಿಗೆ ಕೋಳಿ ಕೆದಕಿದ ಹಾಗಿರುತ್ತೆ. ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಗೊತ್ತಾಗಲ್ವಾ?"

ನಾನು ಎಣ್ಣೆ ಡಬ್ಬಿಯ ಮುಚ್ಚಳ ಹಾಕಿದೆ, ತೆಗೆದೆ, ಮತ್ತೆ ಹಾಕಿದೆ.

"ಎಷ್ಟು ದಿನದಿಂದ?"

"ನಾಲ್ಕು ವರ್ಷ ಆಯ್ತಮ್ಮಾ."

ಬೆರಳು ಮಡಿಚಿ ಎಣಿಸಿದರು. "ಹಾಗಾದರೆ ಮೂರು ಮಕ್ಕಳು. ಗುಂಡಿ ಬಿಟ್ಟರೆ ಆ ಮೂರಕ್ಕೂ ನನ್ನ ಕೈಯದೇನೂ ಸಿಕ್ಕೇ ಇಲ್ಲ."

"ಬಟ್ಟೆ ಕತ್ತರಿಸಿದ್ದು ನೀವೇ ಅಲ್ವಾ. ಅದೇನು ಎಲ್ಲಿಗೂ ಹೋಗಿಲ್ಲ."

"ಅದು ಸರಿ ಅನ್ನು," ಅಂದರು. ಸರಿ ಅನ್ನಿಸಿದವರ ದನಿಯಾಗಿರಲಿಲ್ಲ. ಕೋಟಿನ ಅಂಚನ್ನು ಉದ್ದಕ್ಕೂ ಬೆರಳಲ್ಲಿ ಸವರುತ್ತಾ ಹೋದರು, ಒಂದು ತುದಿಯಿಂದ ಇನ್ನೊಂದು ತುದಿಗೆ.

"ನಾನೇ ಅವಳಿಗೆ ಹೇಳ್ತೀನಮ್ಮಾ, ನಿಮಗೆ ಗೊತ್ತಾಯ್ತು ಅಂತ," ಅಂದೆ.

"ಅಯ್ಯೋ, ಬೇಡವೇ ಬೇಡ!" ಕೋಟು ಬಿಟ್ಟು ನನ್ನ ಕೈ ಹುಡುಕಿ ಹಿಡಿದುಕೊಂಡರು. "ಅದಕ್ಕೇ ಬಂದೆ ನಾನು. ಗೊತ್ತಾದರೆ ಅವಳು ಪೆಟ್ಟಿಗೆ ನೇರ ನಿನ್ನ ಹತ್ತಿರ ತರ್ತಾಳೆ. ನಿಮಗೆ ಯಾಕೆ ತೊಂದರೆ ಅತ್ತೆ ಅಂತಾಳೆ. ಈಗ ಹೇಗಿದ್ದರೂ ವರ್ಷಕ್ಕೆ ಒಂದೆರಡು ಸಲ ಬಂದು ಒಂದು ಗಂಟೆ ಕೂರ್ತಾಳೆ. ಯಾವ ಮಗು ಎದ್ದು ನಿಂತಿತು, ಯಾವುದಕ್ಕೆ ಜ್ವರ ಬಂದಿತ್ತು, ಎಲ್ಲ ಹೇಳ್ತಾಳೆ. ನನಗೆ ಅದು ಬೇಕು ಕಣಮ್ಮಾ. ಹೊಲಿಗೆ ಹಾಳಾಗಿ ಹೋಗಲಿ."

ಆ ಮಧ್ಯಾಹ್ನವೇ ನಾವು ಒಂದು ಒಪ್ಪಂದಕ್ಕೆ ಬಂದೆವು. ಇನ್ನು ಮೇಲೆ ಅವರು ಗಟ್ಟಿ ಹೊಲಿಗೆ ಹಾಕುವುದಿಲ್ಲ. ಹರಿದ ಕಡೆಯೆಲ್ಲ ಕಚ್ಚಾ ಹೊಲಿಗೆ ಎಳೆದಿರುತ್ತಾರೆ. ನನಗೆ ಬಿಚ್ಚುವುದು ಸುಲಭ, ಎಲ್ಲಿ ಹರಿದಿದೆ ಅಂತ ಗುರುತೂ ಆಯಿತು. ನಾನು ಅವರ ಈಗಿನ ಕೈಯ ಹಾಗೆ ಅಲ್ಲಲ್ಲಿ ಸ್ವಲ್ಪ ಸೊಟ್ಟ ಹೊಲಿಯಬೇಕು. ಮೂವತ್ತು ವರ್ಷದಲ್ಲಿ ಯಾರೂ ನನಗೆ ಹೇಳದ ಮಾತು.

ಮುಂದಿನ ಸಲ ಪೆಟ್ಟಿಗೆ ಬಂದಾಗ ನೋಡಿದೆ. ಕಂಕುಳ ಸಂದಿಯಲ್ಲಿ, ಕುಲಾವಿಯ ಮಡಿಕೆಯೊಳಗೆ, ನನ್ನ ಕಣ್ಣಿಗೆ ಬೀಳದ ಜಾಗದಲ್ಲೆಲ್ಲ ಅವರ ಕಚ್ಚಾ ಇತ್ತು. ಎಳೆದು ನೋಡಿದರೆ ಅಲ್ಲೆಲ್ಲ ಬಟ್ಟೆ ಸವೆದಿತ್ತು.

"ದೊಡ್ಡತ್ತೆ ಹೊಲಿಗೆ ಇನ್ನೂ ಹದಗೆಟ್ಟಿದೆ ಅಲ್ವಾ ಅಕ್ಕಾ?" ಅಂದಳು ನರ್ಸು. "ಇದು ಒಂದು ಒಗೆತಕ್ಕೂ ನಿಲ್ಲಲ್ಲ."

ನಾನು ಸೂಜಿಗೆ ದಾರ ಪೋಣಿಸುವವಳ ಹಾಗೆ ತಲೆ ತಗ್ಗಿಸಿಕೊಂಡೆ.

ಒಂದೂವರೆ ವರ್ಷ ಹೀಗೇ ನಡೆಯಿತು. ಆಮೇಲೆ ಒಂದು ದಿನ ನರ್ಸು ಯೂನಿಫಾರಮ್ಮಿನಲ್ಲೇ ಓಡಿ ಬಂದಳು. ಪೆಟ್ಟಿಗೆಯಲ್ಲಿ ಹರಿದ ಬಟ್ಟೆ ಹರಿದ ಹಾಗೇ ಇತ್ತು. ಟೇಬಲ್ಲಿಗೆ ಒರಗಿ ನಿಂತು ಒಂದೇ ಉಸಿರಿಗೆ ಸುದ್ದಿ ಹೇಳಿದಳು. ಕೊನೆ ತಮ್ಮನ ಮಗು ಗೋಡೆ ಹಿಡಿದು ನಡೆಯುತ್ತಿದೆ. ಚಿಕ್ಕಪ್ಪನ ಮೊಮ್ಮಗಳಿಗೆ ದಿನ ತುಂಬಿದೆ. ತನಗೆ ಡ್ಯೂಟಿ ದೂರದ ಆಸ್ಪತ್ರೆಗೆ ಹಾಕಿದ್ದಾರೆ, ಉಸಿರಾಡಲೂ ಪುರುಸೊತ್ತಿಲ್ಲ.

"ಅದಕ್ಕೆ ಈ ಸಲ ನೇರ ನಿಮಗೇ ಕೊಡ್ತೀನಿ ಅಕ್ಕಾ. ದೊಡ್ಡತ್ತೆ ಕೇಳಿದರೆ ಪೆಟ್ಟಿಗೆ ಇನ್ನೂ ನನ್ನ ಕೈಗೆ ಬಂದಿಲ್ಲ ಅಂದರಾಯ್ತು."

"ಆಗಲ್ಲ," ಅಂದೆ.

"ಯಾಕೆ?"

"ಅವರ ಕೈ ಆಡದೆ ನಾನು ಮುಟ್ಟಲ್ಲ. ಎಲ್ಲಿ ಹರಿದಿದೆ ಅಂತ ನನಗೆ ಗೊತ್ತಾಗಲ್ಲ."

"ಏನಕ್ಕಾ ಇದು! ಕಣ್ಣಿರೋ ನಿಮಗೆ ಗೊತ್ತಾಗಲ್ಲ, ಕಣ್ಣು ಕಾಣದ ಅವರಿಗೆ ಗೊತ್ತಾಗುತ್ತಾ?"

"ಹೂಂ."

ನನ್ನ ತಲೆ ಕೆಟ್ಟಿದೆಯೇನೋ ಅನ್ನುವ ಹಾಗೆ ನೋಡಿದಳು. ಗಡಿಯಾರ ನೋಡಿದಳು. "ಸರಿ, ಕಳಿಸ್ತೀನಿ ಬಿಡಿ," ಅಂತ ಪೆಟ್ಟಿಗೆ ಎತ್ತಿಕೊಂಡು ಹೋದಳು. ನಾನು ಗೆದ್ದೆ ಅಂದುಕೊಂಡು ಆವತ್ತು ಹಾಡಿಕೊಂಡು ಮಿಷನ್ ತುಳಿದೆ. ತರ್ತೀನಿ ಅನ್ನದೆ ಕಳಿಸ್ತೀನಿ ಅಂದದ್ದು ಕಿವಿಗೆ ಬಿದ್ದರೂ ತಲೆಗೆ ಹೋಗಿರಲಿಲ್ಲ.

ವಾರವಾದ ಮೇಲೆ ದೊಡ್ಡತ್ತೆ ತಾವೇ ಬಂದರು, ಎರಡು ಬಸ್ಸು ಬದಲಾಯಿಸಿಕೊಂಡು, ಪೆಟ್ಟಿಗೆ ಎದೆಗವಚಿಕೊಂಡು.

"ನೀವ್ಯಾಕಮ್ಮಾ ತಂದಿರಿ? ಅವಳು ಬಂದು ತಗೊಂಡು ಹೋಗ್ತಿರಲಿಲ್ವಾ?"

"ಅವಳು ಬರಲಿಲ್ಲ. ಪಾರ್ಸೆಲ್ಲಿನವನು ತಂದುಕೊಟ್ಟ. ಬಾಗಿಲಲ್ಲೇ ನಿಂತು, ಫೋನಿನ ಮೇಲೆ ನನ್ನ ಬೆರಳಿಂದ ಏನೋ ಗೀಚಿಸಿಕೊಂಡ. ಒಳಗೆ ಬಾರಪ್ಪಾ, ಎರಡು ಲೋಟ ಟೀ ಮಾಡಿಟ್ಟಿದ್ದೀನಿ ಅಂದೆ. ಇನ್ನೂ ಹದಿನೆಂಟು ಮನೆ ಇದೆ ಅಮ್ಮಾ ಅಂದ, ಪಾಪ. ಮತ್ತೆ ಅವಳು ಫೋನ್ ಮಾಡಿ, ಹೊಲಿದಾದ ಮೇಲೆ ಅವನನ್ನೇ ಕಳಿಸ್ತೀನಿ ಅಂದಳು. ನಾನೇ ಕೊಡ್ತೀನಿ ಬಿಡು, ಟೈಲರು ಗೊತ್ತು ನನಗೆ ಅಂದುಬಿಟ್ಟೆ. ಇನ್ನು ಮುಚ್ಚಿಟ್ಟು ಏನಾಗಬೇಕು?"

ಎದುರಿನ ಅಂಗಡಿಯಿಂದ ಟೀ ತರಿಸಿಕೊಟ್ಟೆ. ಎರಡು ಕೈಯಲ್ಲೂ ಲೋಟ ಹಿಡಿದುಕೊಂಡು ಅರ್ಧ ಕುಡಿದರು. ಆಮೇಲೆ ನನ್ನ ಕಡೆ ಮುಖ ತಿರುಗಿಸಿದರು.

"ಅವಳು ಇಲ್ಲಿಗೆ ಬಂದಿದ್ದಳಲ್ಲ. ಏನೇನು ಹೇಳಿದಳು?"

ಹೇಳಿದೆ. ಕೊನೆ ತಮ್ಮನ ಮಗು ಗೋಡೆ ಹಿಡಿದು ನಡೆಯುತ್ತಿರುವುದು, ಮೊಮ್ಮಗಳಿಗೆ ದಿನ ತುಂಬಿರುವುದು, ಡ್ಯೂಟಿ ದೂರ ಬಿದ್ದಿರುವುದು. ಎಷ್ಟು ಎಳೆದರೂ ಎರಡು ನಿಮಿಷಕ್ಕೆ ಮುಗಿದುಹೋಯಿತು.

"ಆಮೇಲೆ?" ಅಂದರು.

ಮಿಷನ್ನಿನ ಮೇಲೆ ನಾಳೆ ಕೊಡಬೇಕಾದ ಬಟ್ಟೆ ಬಿದ್ದಿತ್ತು. ಅದನ್ನು ಪಕ್ಕಕ್ಕೆ ಸರಿಸಿದೆ.

"ಆ ಮಗುವಿಗೆ ಕಾಲುಚೀಲ ಹಾಕಿದರೆ ಆಗೋದೇ ಇಲ್ಲವಂತಮ್ಮಾ," ಅಂದೆ. "ಒಂದನ್ನ ಕಿತ್ತು ಎಸೆಯುತ್ತಂತೆ. ಒಂದನ್ನ ಮಾತ್ರ."

"ಯಾವ ಕಾಲಿಂದು?"

"ಬಲಗಾಲಿಂದು."

ಅವರು ತಲೆಯಾಡಿಸಿ, ಲೋಟ ಕೆಳಗಿಟ್ಟು, ಸ್ಟೂಲನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು.