ಮೊದಲು ಏರಿ ಹತ್ತಿದವನು

ಗಂಡನ ಹೆಣದ ತಲೆಗೆ ಮುನಿಯಲ್ಲಮ್ಮ ಸೀಗೆಪುಡಿ ತಿಕ್ಕುತ್ತಿದ್ದಾಗ ಪಟೇಲರ ಮನೆಯ ಆಳು ಬಂದು ಬೇಲಿಯಾಚೆ ನಿಂತ. ಪಟೇಲರ ತಾಯಿ ಬೆಳಿಗ್ಗೆ ತೀರಿಕೊಂಡಿದ್ದರು. ಮುನಿವೆಂಕಟಯ್ಯ ತಮಟೆ ಸಮೇತ ಬರಬೇಕಂತೆ. ಪುಟ್ಟೇನಹಳ್ಳಿಯಲ್ಲಿ ಯಾರು ಸತ್ತರೂ ಹೆಣದ ಮುಂದೆ ತಮಟೆ ಬಡಿಯುತ್ತಿದ್ದವನು ಅವನೇ. ಅವನೂ ಸಾಯಬಹುದೆಂದು ಆ ಮನೆಯವರಿಗೆ ಹೊಳೆದಿರಲಿಲ್ಲ.

ಆಳು ತಬ್ಬಿಬ್ಬಾಗಿ, ಹಾಗಾದರೆ ಮಗನನ್ನಾದರೂ ಕಳಿಸಿ ಎಂದ.

ಮಗ ಆನಂದಪ್ಪ ಯಲಹಂಕದ ಕಾರ್ಖಾನೆಗೆ ಸೇರಿ ಎರಡು ವರ್ಷವಾಗಿತ್ತು. "ನಮ್ಮಪ್ಪನ ಮಣ್ಣಿಗೆ ನಾನಿರ್ಬೇಕು. ಬರಕ್ಕಾಗಲ್ಲ ಅಂದ್ಬಿಡಣ್ಣ," ಎಂದ. ದನಿ ಏರಿಸಲಿಲ್ಲ.

ಮುನಿಯಲ್ಲಮ್ಮ ತಲೆ ತಿಕ್ಕುವುದನ್ನು ನಿಲ್ಲಿಸಿದಳು. "ಇಂಗಂದ್ಬಿಟ್ಯಲ್ಲಪ್ಪ. ಸುಡುಗಾಡಿಗೆ ಅವರ ಮನೆ ಮುಂದ್ಲ ಕೆರೆ ಏರಿ ಮ್ಯಾಲೇ ಓಗ್ಬೇಕು. ಅಡ್ಡ ನಿಂತ್ರೆ?"

"ನಿಲ್ಲಲಿ ಕಣಮ್ಮ. ನಿಂತೋರತ್ರ ಮಾತಾಡಾಣ."

*

ಮುನಿಯಲ್ಲಮ್ಮನ ಮೊದಲ ಕೂಸು ಜ್ವರದಲ್ಲಿ ಹೋದ ದಿನವೂ ಹೀಗೇ ಕರೆ ಬಂದಿತ್ತು. ಪಟೇಲರ ಚಿಕ್ಕಪ್ಪ ಸತ್ತಿದ್ದರು. ಮುನಿವೆಂಕಟಯ್ಯ ತಮಟೆ ಕಾಯಿಸಿಕೊಂಡು ಹೋದ. ಅವನು ಬರುವಷ್ಟರಲ್ಲಿ ನೆಂಟರು ಕೂಸನ್ನು ಮಣ್ಣು ಮಾಡಿದ್ದರು. "ಕಣ್ಣು ಮುಚ್ಚಿತ್ತಾ?" ಎಂದಷ್ಟೇ ಕೇಳಿದ. ಮತ್ತೆಂದೂ ಆ ಮಾತೆತ್ತಲಿಲ್ಲ. ಆಮೇಲೆ ಹುಟ್ಟಿದ ಆನಂದಪ್ಪನಿಗೆ ಮಾತ್ರ ತಮಟೆ ಮುಟ್ಟಲು ಬಿಡಲಿಲ್ಲ.

*

ಮಧ್ಯಾಹ್ನ ಪಟೇಲರ ಮಗ ಉಪೇಂದ್ರ ಸೈಕಲ್ಲಿನಲ್ಲಿ ಬಂದಾಗ ಮುನಿಯಲ್ಲಮ್ಮ ಎದ್ದು ನಿಂತಳು. ಅವನು ಆನಂದಪ್ಪನ ಜೊತೆ ಹೈಸ್ಕೂಲು ಓದಿದವನು. ನೇರ ಒಳಗೆ ಬಂದು ಹೆಣಕ್ಕೆ ಕೈಮುಗಿದ.

"ಯಶವಂತಪುರದಿಂದ ಬ್ಯಾಂಡ್‌ನೋರು ಬರ್ತಾವ್ರೆ ಮಗಾ. ನೀವು ಮುಂದೆ ಓಗ್ಬಿಡಿ, ನಾವು ಏರಿ ಕೆಳಗೆ ಕಾಯ್ತೀವಿ."

"ನಿಮ್ಮಪ್ಪ?"

"ಕೂಗಾಡ್ತವ್ರೆ. ಕೂಗಾಡ್ಲಿ, ನಾನಿದೀನಿ."

ಸುಡುಗಾಡಿನವರೆಗೂ ಬರುತ್ತೇನೆಂದು ಹಟಹಿಡಿದು ಮುನಿಯಲ್ಲಮ್ಮ ಹೊರಟಳು. ಊರಿಗೆಲ್ಲ ತಮಟೆ ಬಡಿದವನ ಮುಂದೆ ತಮಟೆಯಿರಲಿಲ್ಲ. ಏರಿಯ ಬುಡದಲ್ಲಿ ಪಟೇಲರ ಕಡೆಯವರನ್ನು ಕಂಡು ಅವಳ ಕಾಲು ತಾನಾಗಿ ಪಕ್ಕಕ್ಕೆ ಸರಿಯಿತು.

ಆಗಷ್ಟೇ ಬಂದಿಳಿದಿದ್ದ, ಊರು ಗೊತ್ತಿಲ್ಲದ ಬ್ಯಾಂಡಿನವರು ಮೊದಲು ಬಂದ ಹೆಣವೇ ಪಟೇಲರ ಮನೆಯದೆಂದುಕೊಂಡು ಬಾರಿಸತೊಡಗಿದರು. ಪಟೇಲರು ಕೈಯೆತ್ತಿ ಏನೋ ಕೂಗಿದರು. ಡ್ರಮ್ಮಿನ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಉಪೇಂದ್ರ ಬ್ಯಾಂಡಿನವರನ್ನು ತಡೆಯದೆ ಅಪ್ಪನ ತೋಳು ಹಿಡಿದು ನಿಂತ.

ಕೆಂಪು ಕೋಟಿನ ಆರು ಮಂದಿ ಕಹಳೆ ಊದುತ್ತ, ಡ್ರಮ್ಮು ಬಡಿಯುತ್ತ ಮುನಿವೆಂಕಟಯ್ಯನ ಮುಂದೆ ಏರಿ ಹತ್ತಿದರು. ಹಿಂದೆ ಮುನಿಯಲ್ಲಮ್ಮ, ದಾರಿಯ ನಟ್ಟನಡುವೆ, ಬೀಸುಗಾಲು ಹಾಕುತ್ತ ನಡೆದಳು.